ನಡುಕ ನಿಂತ ಪೆಟ್ಟಿಗೆ

ಎರ್ನಾಕುಲಂನ ಒಬ್ಬ ಮನುಷ್ಯ ಕಳ್ಳನೋ ಸಾಚಾನೋ ಎಂದು ತೀರ್ಮಾನಿಸುವ ಕೆಲಸವನ್ನು ನನಗೆ ಯಾರೂ ಒಪ್ಪಿಸಿರಲಿಲ್ಲ. ನಾನಾಗಿಯೇ ಮೈಮೇಲೆ ಹಾಕಿಕೊಂಡೆ. ಆ ಮನುಷ್ಯನಿಗೆ ಇದ್ದದ್ದು ಒಂದು ಇಕ್ಕಟ್ಟಾದ ಕೋಣೆ, ಒಂದು ಮೇಜು, ಮತ್ತು ವಾದ್ಯ ನುಡಿಸುವವರ ನಡುವೆ ಒಂದು ಹೆಸರು. ಕೋಣೆಯೂ ಮೇಜೂ ನನ್ನಿಂದ ಕೆಡುವಂಥವಲ್ಲ. ಹೆಸರು ಮಾತ್ರ ನನ್ನ ಬಾಯಿಗೆ ಸಿಕ್ಕಿತು.

ನಾವು ಕಾಸರಗೋಡಿನವರು. ನಮ್ಮವರ ಸರ್ಕಾರಿ ಕೆಲಸದಿಂದಾಗಿ ತಿರುವನಂತಪುರಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮಲಯಾಳದ ಕಾನೂನು ಕಾಗದಗಳನ್ನು ಕನ್ನಡಕ್ಕೆ ತರುವುದು ಅವರ ಉದ್ಯೋಗ. ಪ್ರಾಣ ಇರುವುದು ಮಾತ್ರ ಗಿಟಾರಿನಲ್ಲಿ. ಗಿಟಾರಿಗಿಂತಲೂ ಹೆಚ್ಚಾಗಿ, ಅದರ ದನಿಯನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಪೆಟ್ಟಿಗೆಯಲ್ಲಿ. ನಮ್ಮ ಮದುವೆಗೂ ಮೊದಲು, ಫೋರ್ಟ್ ಕೊಚ್ಚಿಯ ಹೋಟೆಲೊಂದರಲ್ಲಿ ನುಡಿಸುತ್ತಿದ್ದ ಮುದುಕರೊಬ್ಬರಿಂದ ತಂದದ್ದಂತೆ. ಅಮೆರಿಕದ ಮಾಲು, ನಮ್ಮವರಿಗಿಂತ ಹಿರಿದು. ಒಳಗೆ ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವುಗಳು. ಸ್ವಿಚ್ಚು ಹಾಕಿದ ಕೂಡಲೇ ಮಾತಾಡುವುದಿಲ್ಲ, ಬಿಸಿಯಾಗುವ ತನಕ ಕಾಯಬೇಕು. ಎತ್ತಿ ಇಡಲು ಇಬ್ಬರು ಬೇಕು.

ಅದರ ಮುಖದ ಮೇಲೆ ಎರಡು ತಿರುಗುಗುಂಡಿಗಳಿವೆ. ಅವನ್ನು ತಿರುಗಿಸಿದರೆ ಗಿಟಾರಿನ ದನಿ ನಡುಗುತ್ತದೆ. ಏರಿ ಇಳಿದು ಏರಿ ಇಳಿದು, ಗಾಳಿಗೆ ದೀಪದ ಕುಡಿ ಆಡುವ ಹಾಗೆ. ಇದಕ್ಕೆ ಟ್ರೆಮೊಲೊ ಎನ್ನುತ್ತಾರೆ. ಒಂದು ಗುಂಡಿ ನಡುಕದ ವೇಗಕ್ಕೆ, ಇನ್ನೊಂದು ಅದರ ಆಳಕ್ಕೆ.

ಇಲ್ಲಿರುವ ಕನ್ನಡದ ಐದಾರು ಮನೆಯವರು ತಿಂಗಳಿಗೊಮ್ಮೆ ನಮ್ಮಲ್ಲಿ ಸೇರಿ ಭಜನೆ ಮಾಡುತ್ತೇವೆ. ಹಾರ್ಮೋನಿಯಂ ನುಡಿಸುತ್ತಿದ್ದವರಿಗೆ ವರ್ಗವಾದ ಮೇಲೆ ಇವರು ಚಾಪೆಯಲ್ಲಿ ಚಕ್ಕಳಮಕ್ಕಳ ಹಾಕಿ ಗಿಟಾರು ಹಿಡಿದು ಕೂತರು. ದೇವರ ಮುಂದೆ ಇದೆಂಥ ಹೋಟೆಲಿನ ಶಬ್ದ ಎಂದು ಮೊದಲು ಮುಖ ಸಿಂಡರಿಸಿದವಳು ನಾನೇ. ಆದರೆ ಆ ನಡುಗುವ ದನಿಯ ಮೇಲೆ ನನ್ನ ಒಡಕು ಗಂಟಲು ಹೇಗೋ ಕೂತುಕೊಂಡಿತು. ನಾನು ಶ್ರುತಿ ಬಿಟ್ಟರೂ ಬಿಟ್ಟದ್ದು ಹೊರಗೆ ಗೊತ್ತಾಗುತ್ತಿರಲಿಲ್ಲ. ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವುದು ನನ್ನ ಅಭ್ಯಾಸ. ಗ್ಯಾಸ್ ಸಿಲಿಂಡರು ಅತಿಥಿಗಳು ಹೋದ ಮೇಲೆಯೇ ಮುಗಿದದ್ದು, ಬಟ್ಟೆ ಒಳಗೆ ತಂದ ಮೇಲೆ ಮಳೆ ಬಂದದ್ದು, ಇಂಥವು. ಆ ನಡುಕವೂ ಅದರಲ್ಲಿ ಸೇರಿತು.

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಇವರು ಗುಂಡಿ ತಿರುಗಿಸಿದರೆ ನಡುಕವಿಲ್ಲ. ದನಿ ಬರುತ್ತದೆ, ಆದರೆ ಸಪಾಟು.

"ಎಂತ ಆಯ್ತು ಇದಕ್ಕೆ? ನೀನು ಒರೆಸುವಾಗ ಒಳಗೆ ನೀರು ಹೋಯ್ತಾ?"

"ಒಣಬಟ್ಟೆಯಲ್ಲಿ ಒರೆಸುವುದು ಮಾರಾಯ್ರೆ. ನಿಮ್ಮ ಪೆಟ್ಟಿಗೆಗೆ ನೀರು ಕುಡಿಸುವುದೇ ನನಗೆ ಕೆಲಸವಾ?"

ಮಗಳಿಗೆ ಫೋನು ಹೋಯಿತು. ಅವಳು ಕೊಚ್ಚಿಯ ಐಟಿ ಪಾರ್ಕಿನಲ್ಲಿದ್ದಾಳೆ, ವೈಟ್ಟಿಲದ ಹತ್ತಿರ ಮನೆ. ಅಪ್ಪನ ಹುಚ್ಚು ಅವಳಿಗೂ ಹಿಡಿದಿದೆ. ಎರ್ನಾಕುಲಂನಲ್ಲಿ ಒಬ್ಬ ಆಶಾನ್ ಇದ್ದಾರೆ, ವಾಲ್ವಿನ ಪೆಟ್ಟಿಗೆಗಳಿಗೆ ಎಲ್ಲರೂ ಅವರ ಹತ್ತಿರವೇ ಹೋಗುವುದು ಎಂದಳು. ಕೈಕೆಲಸದಲ್ಲಿ ಪಳಗಿದ ಗುರುವನ್ನು ಇಲ್ಲಿ ಆಶಾನ್ ಎಂದು ಕರೆಯುತ್ತಾರೆ. ಇವರಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಎಲ್ಲರೂ ಹೋಗುವ ಕಡೆ ಹೇಳುವವರು ಕೇಳುವವರು ಇರುವುದಿಲ್ಲ ಎಂಬುದು ನನ್ನ ಅನುಭವ. ಮಿಕ್ಸಿ ರಿಪೇರಿಗೆ ಕೊಟ್ಟರೂ ನಾನು ಅಂಗಡಿಯಿಂದ ಕದಲುವುದಿಲ್ಲ. ದರ್ಜಿಯ ಹತ್ತಿರ ಉಳಿದ ತುಂಡು ಬಟ್ಟೆಯನ್ನು ಕೇಳಿ ಪಡೆಯುತ್ತೇನೆ.

ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಯಜಮಾನರು ಗೇಟಿನ ಹತ್ತಿರ ಸಿಕ್ಕರು. ಅವರು ತುಂಬಾ ಎಂಬಲ್ಲಿನ ರಾಕೆಟ್ ಕೇಂದ್ರದಲ್ಲಿ ಕೆಲಸದಲ್ಲಿರುವವರು, ಅಂದ ಮೇಲೆ ಅವರ ಮಾತಿಗೆ ತೂಕ. "ಒಂದು ವಿಷಯ ಹೇಳ್ತೇನೆ ಚೇಚ್ಚಿ," ಎಂದರು, ಇಲ್ಲಿನ ರೂಢಿಯಂತೆ ಅಕ್ಕ ಎಂದು ಕರೆದು. "ಇಂಥ ಹಳೆಯ ಪೆಟ್ಟಿಗೆಯ ಒಳಗಿನ ಅಸಲಿ ಸಾಮಾನಿಗೆ ಹೊರದೇಶದಲ್ಲಿ ಜನ ಬಾಯಿ ಬಿಟ್ಟುಕೊಂಡು ಕೂತಿದ್ದಾರೆ. ತೆಗೆದು ಹೊಸದು ಹಾಕಿದರೆ ನಮ್ಮಂಥವರಿಗೆ ಗೊತ್ತಾಗುತ್ತದಾ?"

ಗೊತ್ತಾಗುವುದಿಲ್ಲ. ಅದೇ ನನ್ನನ್ನು ಕೊರೆಯತೊಡಗಿದ್ದು.

ಮೊದಲ ಸಲ ಇವರೊಬ್ಬರೇ ಕಾರಿನಲ್ಲಿ ಹೋಗಿ ಪೆಟ್ಟಿಗೆ ಬಿಟ್ಟುಬಂದರು. ಎರಡು ವಾರದ ಮೇಲೆ ತಂದರು. ಜೊತೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಮೂರು ಕಪಾಸಿಟರುಗಳು, ಒಣಗಿದ ಹುಣಸೆಬೀಜದಂಥವು. ತೆಗೆದದ್ದನ್ನು ತಿರುಗಿ ಕೊಡುವುದು ಆಶಾನ್ ಅವರ ಪದ್ಧತಿಯಂತೆ. "ನೋಡು, ಎಷ್ಟು ನೇರ ಮನುಷ್ಯ," ಎಂದರು ಇವರು. ಹಳೆಯದನ್ನು ಕೊಟ್ಟದ್ದು ಸರಿ, ನಮ್ಮದೇ ಹಳೆಯದು ಎಂದು ನಂಬುವುದು ಹೇಗೆ? ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು, ಬಿಸಿಯಾಗಲು ಬಿಟ್ಟು, ಗುಂಡಿ ತಿರುಗಿಸಿದರೆ ಮತ್ತೆ ಅದೇ ಸಪಾಟು.

"ಅಲ್ಲಿ ನಡುಗಿತ್ತು ಮಾರಾಯ್ತಿ! ನನ್ನ ಎದುರಿಗೇ ಕೇಳಿಸಿದರು."

"ಅಲ್ಲಿ ನಡುಗುವುದು ಇಲ್ಲಿ ಯಾಕೆ ನಡುಗುವುದಿಲ್ಲ? ಊರು ನೋಡಿ ನಡುಗುತ್ತದಾ?"

ಎರಡನೆಯ ಸಲ ನಾನೂ ಹೊರಟೆ. ಆಲಪ್ಪುಳ ದಾಟುವವರೆಗೆ ರಸ್ತೆಯಲ್ಲಿ ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ, ಅದೊಂದು ಉಪಕಾರ. ಆಶಾನ್ ಅವರ ಕೋಣೆ ಕೋರ್ಟುಗಳ ಹಿಂದಿನ ಗಲ್ಲಿಯಲ್ಲಿ, ಕೊಡೆ ಅಂಗಡಿಯ ಮೇಲೆ. ಅರುವತ್ತು ದಾಟಿದ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಸುತ್ತಲೂ ಬೆನ್ನು ಬಿಚ್ಚಿದ ಪೆಟ್ಟಿಗೆಗಳು. ಗೋಡೆಯಲ್ಲಿ ಕೃಷ್ಣ, ಏಸು, ಮೆಕ್ಕಾ, ಮೂರು ಪಟ ಒಂದೇ ಸಾಲಿನಲ್ಲಿ. ಬೇರೆ ದಿನವಾಗಿದ್ದರೆ ಕೈಮುಗಿಯುತ್ತಿದ್ದೆ. ಅವತ್ತು, ಗಿರಾಕಿಗೆ ತಕ್ಕ ದೇವರು ಎಂದುಕೊಂಡೆ.

ಅವರು ಮಲಯಾಳದಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. "ಚೇಚ್ಚಿ ಕೂತುಕೊಳ್ಳಿ. ನಿಂತು ನೋಡಿದರೆ ನನ್ನ ಕೈ ನಡುಗುತ್ತದೆ, ಪೆಟ್ಟಿಗೆ ನಡುಗುವುದಿಲ್ಲ."

ನಾನು ನಗಲಿಲ್ಲ. ಕೂತೆ, ಆದರೆ ಕೈ ಕಾಣುವ ಕಡೆಯೇ ಕೂತೆ.

ಅವರು ಹಿಂದಿನ ಹಲಗೆ ಬಿಚ್ಚಿ ಒಳಗೆ ತೋರಿಸಿದರು. ಕಪ್ಪು ಕೊಳವೆಯೊಳಗೆ ಸಾಸಿವೆಗಿಂತ ತುಸು ದೊಡ್ಡದಾದ ಒಂದು ದೀಪ. ಅದರ ಎದುರು ಬೆಳಕನ್ನು ಕಾಣಬಲ್ಲ ಒಂದು ಬಿಲ್ಲೆ. ದೀಪ ಮಿನುಗಿದ ಹಾಗೆಲ್ಲ ಬಿಲ್ಲೆ ದನಿಯನ್ನು ಬಿಗಿಹಿಡಿದು ಬಿಡುತ್ತದೆ, ಅದೇ ನಡುಕ. ಕೊಳವೆಯನ್ನು ಒಂದಿಷ್ಟು ಸರಿಸಿ ತೋರಿಸಿದಾಗ ಕಿತ್ತಳೆ ಬಣ್ಣದ ಕಿಡಿ ಮಿಣಮಿಣ ಎನ್ನುತ್ತಿತ್ತು. ಇಷ್ಟು ವರ್ಷ ನನ್ನ ಭಜನೆಯ ಹಿಂದೆ ಒಂದು ದೀಪ ಉರಿಯುತ್ತಿತ್ತೇ ಎಂದು ಒಂದು ಕ್ಷಣ ಮನಸ್ಸು ಮೆತ್ತಗಾಯಿತು. ಇವರು ಗಿಟಾರಿನ ತಂತಿ ಮೀಟಿದರು. ದನಿ ನಡುಗಿತು, ಮೊದಲಿನಂತೆಯೇ.

ಆಗ ನಾನು ಕೆಳಗೆ ನೋಡಿದೆ. ಮೇಜಿನ ಅಡಿಯಲ್ಲಿ ಆಶಾನ್ ಅವರ ಕಾಲು ಯಾವುದೋ ಒಂದನ್ನು ಒತ್ತಿ ಹಿಂದೆ ಸರಿಯಿತು. ಅಲ್ಲೊಂದು ಕಬ್ಬಿಣದ ತುಂಡು, ಅದರಿಂದ ಹೊರಟ ತಂತಿ ನಮ್ಮ ಪೆಟ್ಟಿಗೆಯ ಬೆನ್ನಿಗೆ ಹೋಗಿತ್ತು.

ಓಹೋ, ಎಂದುಕೊಂಡೆ. ಕಾಣುವ ಕೈಯನ್ನು ಕಾದು ಕೂತಿದ್ದವಳಿಗೆ ಕಾಣದ ಕಾಲು ಸಿಕ್ಕಿತು. ಹೊರಗಿನಿಂದ ಏನೋ ಕೊಟ್ಟು ನಡುಗಿಸುತ್ತಾನೆ, ಒಳಗಿನ ಅಸಲಿ ಸಾಮಾನು ಎಂದೋ ಹೋಗಿದೆ. ಅಲ್ಲಿಯೇ ಕೇಳಬಹುದಿತ್ತು. ಕೇಳಲಿಲ್ಲ. ಸಿಕ್ಕಿಬಿದ್ದವನು ಇನ್ನೊಂದು ಸುಳ್ಳು ಕಟ್ಟುತ್ತಾನೆ, ಅದಕ್ಕೆ ಎಡೆ ಕೊಡಬಾರದು ಎಂಬ ಜಾಣತನ ನನ್ನದು.

ಮನೆಗೆ ತಂದು ಹಾಕಿದರೆ, ಸಪಾಟು. ಆಗ ಕಂಡದ್ದನ್ನು ಇವರಿಗೆ ಹೇಳಿದೆ. ಇವರ ಮುಖ ಇಳಿಯಿತು. ಇವರು ಜನರನ್ನು ನಂಬುವವರು, ಆ ನಂಬಿಕೆ ಮುರಿದಾಗ ಗಿಟಾರನ್ನು ಚೀಲಕ್ಕೆ ಹಾಕಿಬಿಟ್ಟರು. ಅದನ್ನು ನೋಡಿ ನನಗೆ ಸಿಟ್ಟು ಏರಿತು. ಮಗಳಿಗೆ ಫೋನು ಮಾಡಿದೆ. ಕೊಚ್ಚಿಯಲ್ಲಿ ವಾದ್ಯ ನುಡಿಸುವವರದೊಂದು ವಾಟ್ಸಾಪ್ ಗುಂಪಿದೆ, ಅವಳೂ ಅದರಲ್ಲಿದ್ದಾಳೆ.

"ಬರಿ. ನಾಲ್ಕು ಜನಕ್ಕೆ ಗೊತ್ತಾಗಲಿ."

"ಅಮ್ಮೇ, ಉರಪ್ಪಾಣೋ?" ಖಂಡಿತವಾ ಎಂದು ಅವಳು ಮಲಯಾಳದಲ್ಲೇ ಕೇಳಿದಳು. ನಾನು ಕನ್ನಡದಲ್ಲಿ ಎಷ್ಟು ಹೇಳಿದರೂ ಅವಳ ಉತ್ತರ ಹೆಚ್ಚಾಗಿ ಆ ಭಾಷೆಯಲ್ಲೇ.

"ನನ್ನ ಎರಡು ಕಣ್ಣಲ್ಲಿ ಕಂಡದ್ದು. ಮೇಜಿನಡಿ ಕಳ್ಳಪೆಟ್ಟಿಗೆ ಇಟ್ಟಿದ್ದಾನೆ ಅಂತ ಬರಿ. ಒಳಗಿನದ್ದನ್ನು ತೆಗೆದಿದ್ದಾನೆ ಅಂತ ಬರಿ."

ಅವಳು ಬರೆದಳು. ಎರಡು ದಿನದಲ್ಲಿ ಎರಡು ಬ್ಯಾಂಡಿನವರು ಆಶಾನ್ ಅವರ ಕೋಣೆಗೆ ಹೋಗಿ, ಬೆನ್ನು ಬಿಚ್ಚಿದ್ದ ತಮ್ಮ ಪೆಟ್ಟಿಗೆಗಳನ್ನು ಹಾಗೆಯೇ ಎತ್ತಿಕೊಂಡು ಹೋದರೆಂದು ಗೊತ್ತಾಯಿತು. ಆಶಾನ್ ಗುಂಪಿನಲ್ಲಿ ಒಂದಕ್ಷರ ಬರೆಯಲಿಲ್ಲ.

"ತಪ್ಪಿಲ್ಲದಿದ್ದರೆ ಸುಮ್ಮನೆ ಕೂತಾರಾ?" ಎಂದೆ ನಾನು.

ನಾಲ್ಕನೆಯ ದಿನ ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತಿದ್ದೆ. ಮಗಳ ಫೋನು ಬಂತು, ಇವರು ಸ್ಪೀಕರಿಗೆ ಹಾಕಿದರು. ಗುಂಪಿನಲ್ಲಿ ಯಾರೋ ಹಿರಿಯರು ಕೇಳಿದ್ದಾರಂತೆ: ಮೇಜಿನಡಿ ಇದ್ದದ್ದು ಫುಟ್ ಸ್ವಿಚ್ ಅಲ್ಲವಾ? ಕಾಲಲ್ಲಿ ಒತ್ತಿ ಟ್ರೆಮೊಲೊ ಹಾಕುವ ಆರಿಸುವ ಸ್ವಿಚ್ಚು. ಈ ನಮೂನೆಯ ಪೆಟ್ಟಿಗೆಗೆ ಅದನ್ನು ಹಿಂದೆ ಸಿಕ್ಕಿಸದಿದ್ದರೆ ಟ್ರೆಮೊಲೊ ಹುಟ್ಟುವುದೇ ಇಲ್ಲ. ಆ ಮನೆಯವರು ತಮ್ಮದನ್ನು ಸಿಕ್ಕಿಸಿದ್ದಾರಾ?

"ನಾನು ಅದನ್ನು ಮುಟ್ಟಿಯೇ ಇಲ್ಲವಲ್ಲ," ಎಂದರು ಇವರು. "ಬಂದ ದಿನದಿಂದ ಹಿಂದೆ ಸಿಕ್ಕಿಸಿಯೇ ಬಿದ್ದಿತ್ತು. ಅದು ಬೇಕೇಬೇಕು ಅಂತಲೂ ಗೊತ್ತಿರಲಿಲ್ಲ. ನಾನು ಚಕ್ಕಳಮಕ್ಕಳ ಹಾಕಿ ಕೂತು ನುಡಿಸುವವ, ಕಾಲಿಗೆ ಕೆಲಸ ಎಲ್ಲಿ?" ಎದ್ದು ಹೋಗಿ ಪೆಟ್ಟಿಗೆಯ ಹಿಂದೆ ಬಗ್ಗಿದರು. "ಇಲ್ಲಿ ಇಲ್ಲವಲ್ಲ. ಎಲ್ಲಿ ಹೋಯ್ತು?"

ನನ್ನ ಕೈಯಲ್ಲಿದ್ದ ಕಾಯಿ ಹೋಳು ಅಲ್ಲಿಯೇ ನಿಂತಿತು.

ಆ ಮಳೆಗಾಲದಲ್ಲಿ ಅಡುಗೆಮನೆಯ ಪಕ್ಕದ ಗೋಡೆ ಒದ್ದೆ ಹಿಡಿದು, ದೇವರ ಪಟಗಳನ್ನೂ ದೀಪವನ್ನೂ ಹೊರಗಿನ ಕೋಣೆಗೆ ತಂದಿದ್ದೆವು, ಪೆಟ್ಟಿಗೆಯ ಮಗ್ಗುಲಿಗೆ. ಜಾಗ ಶುದ್ಧ ಮಾಡುವಾಗ ಪೆಟ್ಟಿಗೆಯ ಹಿಂದೆ ತಂತಿ ಸಮೇತ ಆ ಕಬ್ಬಿಣದ ತುಂಡು ಸಿಕ್ಕಿತು. ಕಾಲಲ್ಲಿ ತುಳಿಯುವಂಥದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಹೋಟೆಲಿನಲ್ಲಿ ಎಷ್ಟು ಬೂಟುಗಳು ಒತ್ತಿದ್ದೋ. ಅದು ದೇವರ ಪಟದ ಬುಡದಲ್ಲಿ ಬೀಳುವುದೆಂದರೇನು? ಪಿನ್ನು ಎಳೆದು, ತಂತಿ ಸುತ್ತಿ, ಜಗಲಿಯ ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಹಲಗೆಯಲ್ಲಿಟ್ಟೆ. ಕೈ ತೊಳೆದು ಬಂದೆ. ಕೈಯಲ್ಲಿ ತಿರುಗಿಸುವ ಗುಂಡಿಗೂ ಕಾಲಲ್ಲಿ ತುಳಿಯುವ ತುಂಡಿಗೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಮೇಜಿನಡಿಯಲ್ಲಿ ಅಂಥದ್ದನ್ನೇ ಕಂಡಾಗಲೂ ಹೊಳೆಯಲಿಲ್ಲ. ಕಳ್ಳನನ್ನು ಹುಡುಕುತ್ತಿದ್ದ ಕಣ್ಣಿಗೆ ಕಳ್ಳಪೆಟ್ಟಿಗೆಯೇ ಕಂಡಿತು.

ಜಗಲಿಗೆ ಹೋಗಿ ತಂದುಕೊಟ್ಟೆ. ಇವರು ಸಿಕ್ಕಿಸಿದರು. ಪೆಟ್ಟಿಗೆ ನಡುಗಿತು. ಒಂದೆರಡು ಸಾಲು ನುಡಿಸಿ ನಿಲ್ಲಿಸಿದರು, ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಮೆಸೇಜ್ ಡಿಲೀಟ್ ಮಾಡ್ತೇನೆ, ಪೋರೇ?" ಎಂದು ಫೋನಿನೊಳಗಿಂದ ಮಗಳು. ಅಷ್ಟು ಸಾಲದೇ ಎಂದು ಕೇಳಿದ್ದು. ಸಾಲುತ್ತದೆ ಎಂದು ಒಂದು ನಿಮಿಷ ನನಗೂ ಅನ್ನಿಸಿತು. ಆಶಾನ್ ಅವರಿಗೆ ಬೇರೆ ಗಿರಾಕಿ ಸಿಗುತ್ತಾರೆ, ಜನ ಮರೆಯುತ್ತಾರೆ. ಆದರೆ ಒಲೆಯ ಮುಂದೆ ನಿಂತರೂ ಬಿಡದೆ ಕಾಡಿದ್ದು ಇನ್ನೊಂದು. ಅವರ ಕಾಲು ಕಂಡಾಗ ನನಗೆ ಬೇಸರವಾಗಿರಲಿಲ್ಲ, ಖುಷಿಯಾಗಿತ್ತು. ಅವರು ಕಳ್ಳನಾಗಿರಲಿ ಎಂದು ನಾನು ಬಯಸಿದ್ದೆ. ಜಗತ್ತನ್ನೆಲ್ಲ ಸಂಶಯದಲ್ಲಿ ನೋಡಿದವಳು ನನ್ನನ್ನು ಅವತ್ತೇ ಮೊದಲು ಹಾಗೆ ನೋಡಿಕೊಂಡದ್ದು.

"ನಾನೇ ಹೋಗಿ ಹೇಳ್ತೇನೆ," ಎಂದೆ.

ಶನಿವಾರ ಬೆಳಗಿನ ಬಸ್ಸಿಗೆ ಹೊರಟೆ. ಕಿಟಕಿಯ ಸೀಟು ಸಿಕ್ಕಿದ್ದನ್ನು ಉಪಕಾರ ಎಂದುಕೊಳ್ಳಲು ನಾಚಿಕೆಯಾಯಿತು. ವೈಟ್ಟಿಲದಲ್ಲಿ ಮಗಳು ಕಾದಿದ್ದಳು, ಅಲ್ಲಿಂದ ಮೆಟ್ರೊ. ಕೊಡೆ ಅಂಗಡಿಯ ಮೆಟ್ಟಿಲು ಹತ್ತಿದೆವು. ಕೋಣೆ ಮೊದಲಿಗಿಂತ ಖಾಲಿ. ಎರಡು ಪೆಟ್ಟಿಗೆಗಳಿದ್ದ ಜಾಗದಲ್ಲಿ ಧೂಳಿನ ಚೌಕಗಳು.

"ವರು ಚೇಚ್ಚಿ, ಬನ್ನಿ," ಎಂದರು ಆಶಾನ್. "ಮೇಜಿನಡಿ ನೋಡಲು ಬಂದದ್ದೋ? ಬಗ್ಗಿ ನೋಡಿ. ನನ್ನ ಕಳ್ಳಪೆಟ್ಟಿಗೆ ಅಲ್ಲೇ ಉಂಟು, ಎಲ್ಲೂ ಓಡಿಹೋಗಿಲ್ಲ."

"ನಮ್ಮದು ಸಿಕ್ಕಿತು," ಎಂದೆ.

"ಎಲ್ಲಿತ್ತು?"

"ಚಪ್ಪಲಿ ಸ್ಟ್ಯಾಂಡಿನಲ್ಲಿ. ನಾನೇ ಇಟ್ಟದ್ದು. ದೇವರ ಪಟದ ಹತ್ತಿರ ಇತ್ತು, ಕಾಲಿನದ್ದಲ್ಲವಾ ಅಂತ..."

ಅವರು ಕನ್ನಡಕ ತೆಗೆದು ಒರೆಸಿದರು. ನಗುತ್ತಾರೆಂದುಕೊಂಡೆ, ನಗಲಿಲ್ಲ. "ನನ್ನ ಕಡೆಯಿಂದಲೂ ಒಂದು ತಪ್ಪುಂಟು. ಯಾರ ಪೆಟ್ಟಿಗೆ ಬಂದರೂ ನನ್ನ ಸ್ವಿಚ್ಚು ಸಿಕ್ಕಿಸಿಯೇ ನೋಡುವುದು, ಅದು ಅಭ್ಯಾಸ. ನಿಮ್ಮ ಕಪಾಸಿಟರ್ ಸೊರಗಿತ್ತು, ರೋಗ ಅದೇ ಎಂದುಕೊಂಡೆ. ನಿಮ್ಮ ಸ್ವಿಚ್ಚು ಎಲ್ಲಿ ಎಂದು ಸಾರ್ ಹತ್ತಿರ ಕೇಳಬೇಕಿತ್ತು. ಕೇಳಲಿಲ್ಲ."

"ಅದು ತಪ್ಪಲ್ಲ. ತಪ್ಪು ನನ್ನದು. ಅದನ್ನು ಹೇಳಲಿಕ್ಕೇ ಬಂದದ್ದು."

"ನನಗೆ ಹೇಳಿ ಎಂತ ಪ್ರಯೋಜನ? ನಾನು ಕದ್ದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು." ಮಗಳ ಕೈಯಲ್ಲಿದ್ದ ಫೋನಿನ ಕಡೆ ಗದ್ದ ತೋರಿಸಿದರು. "ಅಲ್ಲಿ ಹೇಳಿ."

"ನಾನು ಬರೆಯುತ್ತೇನೆ ಆಶಾನೇ," ಎಂದಳು ಮಗಳು.

"ಬೇಡ ಮೋಳೇ, ಬೇಡ ಮಗಳೇ. ಮೊದಲು ಬರೆದದ್ದೂ ನೀನೇ ಅಲ್ಲವಾ. ಅಮ್ಮ ಹೇಳಲಿ, ಅವರ ದನಿಯಲ್ಲೇ."

ನನ್ನ ಮಲಯಾಳ ಕಾಸರಗೋಡಿನದ್ದು. ತಿರುವನಂತಪುರದಲ್ಲಿ ಮೀನಿನವಳೂ ಅದನ್ನು ಅಣಕಿಸುತ್ತಾಳೆ. ನೂರಾರು ಹುಡುಗರು ಕೇಳುವ ಕಡೆ ಆ ಮಾತಿನಲ್ಲಿ ನನ್ನ ಮನೆಯ ಚಪ್ಪಲಿ ಸ್ಟ್ಯಾಂಡಿನ ಕತೆ ಹೇಳಬೇಕು. ದನಿ ರೆಕಾರ್ಡು ಮಾಡಲು ಮಗಳು ಫೋನು ಹಿಡಿದಳು. ನಮಸ್ಕಾರ ಹೇಳಿ, "ನಮ್ಮ ಸ್ವಿಚ್ಚು ಬೇರೆ ಕಡೆ ಬಿದ್ದುಹೋಗಿತ್ತು," ಎಂದು ಶುರು ಮಾಡಿದೆ.

ಆಶಾನ್ ಒಂದು ಬೆರಳೆತ್ತಿದರು. "ಬಿದ್ದದ್ದೋ, ಇಟ್ಟದ್ದೋ?"

ಮಗಳು ಅಳಿಸಿ ಮತ್ತೆ ಒತ್ತಿದಳು. ಈ ಸಲ ಪೂರ್ತಿ ಹೇಳಿದೆ. ನಾನೇ ಕಿತ್ತದ್ದು, ನಾನೇ ಇಟ್ಟದ್ದು, ನಾನೇ ಮರೆತದ್ದು. ಮೇಜಿನಡಿ ಕಂಡದ್ದು ಏನೆಂದು ಕೇಳದೆ ಕಳ್ಳ ಎಂದದ್ದು. ಈ ಮನುಷ್ಯ ನಮ್ಮ ಪೆಟ್ಟಿಗೆಯಿಂದ ತೆಗೆದ ಮೂರು ತುಂಡನ್ನೂ ತಿರುಗಿ ಕೊಟ್ಟಿದ್ದರೂ ನಾನು ನಂಬದೆ ಹೋದದ್ದು.

ಗುಂಪಿನಲ್ಲಿ ನಗುವ ಮುಖಗಳು ಒಂದರ ಹಿಂದೆ ಒಂದು ಬಂದವು. ಒಬ್ಬ ನಮ್ಮನೆಯ ಚಪ್ಪಲಿ ಸ್ಟ್ಯಾಂಡಿನ ಫೋಟೊ ಕೇಳಿದ. ಆಶಾನ್ ಅದೊಂದನ್ನೂ ನೋಡಲಿಲ್ಲ. ಕಾದ ಬೆಸುಗೆ ಕಡ್ಡಿಯ ತುದಿ ಒರೆಸಿ, "ದೇವರ ಪಟದಿಂದ ನಿಮ್ಮ ಹೊಸ್ತಿಲಿಗೆ ಎಷ್ಟು ದೂರ?" ಎಂದು ಕೇಳಿದರು.

"ಎಂಟೊಂಬತ್ತು ಹೆಜ್ಜೆ. ಯಾಕೆ?"

"ಉದ್ದದ ತಂತಿ ಮಾಡಿಕೊಡುತ್ತೇನೆ. ಸ್ವಿಚ್ಚು ಹೊಸ್ತಿಲಿನ ಹೊರಗಿರಲಿ, ಸಿಕ್ಕಿಸಿಯೂ ಇರಲಿ. ದೇವರಿಗೂ ಬೇಜಾರಿಲ್ಲ, ಸಾರ್‌ಗೂ ಬೇಜಾರಿಲ್ಲ."

ಅವರು ತಂತಿ ಅಳೆದು, ಸುಲಿದು, ಬೆಸೆಯುವಷ್ಟು ಹೊತ್ತು ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಎರಡೇ ಸಲ ಕದ್ದು ನೋಡಿದೆ. ನಡುವೆ ಅವರಿಗೊಂದು ಫೋನು ಬಂತು. "ಬುಧವಾರ ತನ್ನಿ," ಎಂದರು, ಅಷ್ಟೇ. ಒಂದು ಬ್ಯಾಂಡು ತಿರುಗಿ ಬಂತೆಂದು ಮಗಳು ನನ್ನ ಕೈ ಒತ್ತಿದಳು.

"ಇನ್ನೊಬ್ಬರು?" ಎಂದು ಮೆಟ್ಟಿಲಿಳಿಯುವಾಗ ಕೇಳಿದೆ.

ಅವರ ಗಿಟಾರಿನ ಹುಡುಗ ಗುಂಪು ಬಿಟ್ಟಿದ್ದನಂತೆ. ನನ್ನ ಮಾತು ಅವನ ಕಿವಿಗೆ ಬಿದ್ದಿರಲಿಕ್ಕಿಲ್ಲ. ನಂಬರು ತರಿಸು ಎಂದೆ. "ವೇಂಡ ಅಮ್ಮೇ, ಸಾಕು, ಬಿಡಿ," ಎಂದಳು ಮಗಳು, ಒಂದೇ ಉಸಿರಿನಲ್ಲಿ ಎರಡೂ ಭಾಷೆಯಲ್ಲಿ. ಆದರೂ ತರಿಸಿದಳು. ಕೊಡೆ ಅಂಗಡಿಯ ಮುಂದೆಯೇ ನಿಂತು ಕರೆ ಮಾಡಿದೆ. ಆಶಾನ್ ಬಗ್ಗೆ ಮಾತಾಡಬೇಕಿತ್ತು ಎಂದೆ.

"ಯಾರು, ಆ ಕಳ್ಳ ಆಶಾನಾ?" ಎಂದಿತು ಆ ಕಡೆಯ ದನಿ, ಬಹಳ ದಿನಗಳಿಂದ ಹಾಗೆಯೇ ಕರೆದು ರೂಢಿಯಾದವರಂತೆ.

"ಅಲ್ಲ ಮೋನೇ," ಎಂದೆ, ಮಗನನ್ನು ಕರೆಯುವ ಹಾಗೆ. "ಐದು ನಿಮಿಷ ಉಂಟಾ? ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡಿನಿಂದ ಹೇಳ್ತಾ ಬರಬೇಕು."

ಉಂಟು, ಹೇಳಿ ಎಂದ.